ಕುಂಕುಮ ಹಚ್ಚದ ಸೆನ್ಸರ್

ನನ್ನ ಗಂಡ ಉಮಾಕಾಂತನ ಹನ್ನೆರಡನೆಯ ದಿನದ ಊಟ ಮುಗಿದ ಮರುದಿನ ಬೆಳಿಗ್ಗೆ ಸಂಘದ ಜೀಪು ನಮ್ಮ ಮನೆಯ ಮುಂದೆ ನಿಂತು ಒಂದೇ ಸಲ ಹಾರ್ನ್ ಹೊಡೆಯಿತು. ಮೊದಲೆಲ್ಲ ಎರಡು ಸಲ ಹೊಡೆಯುತ್ತಿತ್ತು, ಉಮಾಕಾಂತನಿಗೊಂದು, ನನಗೊಂದು. ಚಾಲಕ ಯೋಚಿಸಿ ಹೀಗೆ ಮಾಡಿದನೋ, ಅವನ ಕೈ ತಾನಾಗಿ ನಿಂತಿತೋ ತಿಳಿಯದು.

ಅಂಗಳದಲ್ಲಿ ಶಾಮಿಯಾನದವನ ದೊಡ್ಡ ಪಾತ್ರೆಗಳು ಇನ್ನೂ ಇದ್ದವು. ಅತ್ತೆ ಒಂದೊಂದನ್ನೇ ಬೋರಲು ಹಾಕಿ ಉಜ್ಜುತ್ತಿದ್ದರು.

"ಕೆಲಸಕ್ಕೆ ಹೊರಟ್ಯಾ?"

"ಹೌದು."

"ಹೋಗು. ನನ್ನ ಮಗನ್ನ ತಿಂದ ಮಿಷನ್ನಿಗೆ ಎಣ್ಣೆ ಹಾಕೂಕೆ ಹೋಗು."

ಅದಕ್ಕೆ ಎಣ್ಣೆ ಹಾಕುವುದಿಲ್ಲ, ಆಮ್ಲಜನಕದ ಹತ್ತಿರ ಎಣ್ಣೆಯ ಪಸೆಯೂ ಬರಬಾರದು ಎಂದು ಹೇಳಬೇಕೆನಿಸಿತು. ಹೇಳದೆ ಜೀಪು ಹತ್ತಿದೆ.

ಕಾರವಾರದ ದಕ್ಷಿಣಕ್ಕಿರುವ ನಮ್ಮ ಬಂದರಿನಲ್ಲಿ ಈಗ ಬಲೆ ಬೀಸುವವರಿಲ್ಲ. ಮೇಲಿನ ಮೀನು ಮುಗಿದ ಮೇಲೆ ಮೀನುಗಾರರ ಸಂಘದವರು ಮೂವತ್ತು ಮೀಟರ್ ಆಳದಲ್ಲಿ ಮೀನಿನ ಹಟ್ಟಿಗಳನ್ನು ಕಟ್ಟಿದರು. ಆ ಹಟ್ಟಿಗಳಿಗೆ ಬೇಲಿಯಿಲ್ಲ. ನೀರಿನೊಳಗೆ ಸದಾ ಮೊಳಗುವ ಒಂದು ಸಣ್ಣ ಸದ್ದು ಮೀನುಗಳನ್ನು ಒಂದೆಡೆ ಹಿಡಿದಿಡುತ್ತದೆ. ಗಾಳಿಯ ಗುಳ್ಳೆಯ ಸದ್ದು ನಡುವೆ ಬಂದರೆ ಅವು ಚೆದುರಿ ಹೋಗುತ್ತವೆ. ಹಾಗಾಗಿ ಮೀನು ಮೇಯಿಸುವವರು ಗುಳ್ಳೆ ಬಿಡದ ಯಂತ್ರ ಹೊತ್ತು ಇಳಿಯಬೇಕು. ಎಂಜಿನಿಯರುಗಳು ಅದನ್ನು ರೀಬ್ರೀದರ್ ಅನ್ನುತ್ತಾರೆ, ನಮ್ಮವರು ಚೀಲ ಅನ್ನುತ್ತಾರೆ. ಬಿಟ್ಟ ಉಸಿರು ಅದರಲ್ಲೇ ಸುತ್ತುತ್ತದೆ. ಕೆಟ್ಟ ಗಾಳಿಯನ್ನು ಸುಣ್ಣದ ಹರಳು ಹೀರುತ್ತದೆ, ಕಡಿಮೆಯಾದಷ್ಟು ಆಮ್ಲಜನಕವನ್ನು ಯಂತ್ರ ತುಂಬುತ್ತದೆ. ಎಷ್ಟು ತುಂಬಬೇಕೆಂದು ಹೇಳುವುದು ಒಳಗಿರುವ ಮೂರು ಸೆನ್ಸರ್‌ಗಳು. ಆಮ್ಲಜನಕ ಕಡಿಮೆಯಾದರೆ ನಿದ್ದೆ ಹತ್ತಿದ ಹಾಗೆ ಸಾವು ಬರುತ್ತದೆ. ಮಿತಿಮೀರಿ ಹೆಚ್ಚಾದರೆ ಮೈ ಸೆಟೆದು ನಡುಗಿ, ಬಾಯಿಯ ಕೊಳವೆ ಜಾರಿ, ಮನುಷ್ಯ ಮುಳುಗುತ್ತಾನೆ. ಉಮಾಕಾಂತ ಎರಡನೆಯ ರೀತಿಯಲ್ಲಿ ಹೋದ.

ಮೊದಲು ಮುಖವಾಡದ ಗಾಜಿನ ಮೇಲೆ ಮೂರು ಸೆನ್ಸರ್‌ಗಳ ಮೂರು ಅಂಕಿಗಳೂ ಕಾಣುತ್ತಿದ್ದವು. ಒಂದಕ್ಕೊಂದು ತಾಳೆಯಾಗದಿದ್ದರೆ ಜನ ಹೆದರಿ ಅರ್ಧಕ್ಕೇ ಮೇಲೆ ಬರುತ್ತಿದ್ದರು. ಕೆಲಸ ಕೆಡುತ್ತಿತ್ತು. ಆಮೇಲೆ 'ಒಮ್ಮತ' ಬಂತು. ಮೂರರಲ್ಲಿ ಹೊಂದುವ ಎರಡನ್ನು ನಂಬಿ, ಹೊಂದದ ಒಂದನ್ನು ಸುಮ್ಮನಾಗಿಸಿ, ಹಸಿರು ಬಣ್ಣದಲ್ಲಿ ಒಂದೇ ಅಂಕಿ ತೋರಿಸುವ ಮಿದುಳು ಅದು. ಅದು ಬಂದ ಮೇಲೆ ಯಾರೂ ಹೆದರಲಿಲ್ಲ. ಊರಲ್ಲಿ ಮಕ್ಕಳು ಆಟದಲ್ಲಿ ಜಗಳವಾಡಿದರೆ "ಒಮ್ಮತ ಮಾಡಿ" ಎಂದು ಕೂಗುತ್ತಿದ್ದರು. ಇಬ್ಬರು ಒಂದಾಗುತ್ತಿದ್ದರು, ಮೂರನೆಯವನು ಅಳುತ್ತ ಮನೆಗೆ ಹೋಗುತ್ತಿದ್ದ.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. ಸಂಘದಲ್ಲಿ ನನ್ನ ಕೆಲಸ ಸೆನ್ಸರ್ ತಪಾಸಣೆ. ಸೆನ್ಸರಿನ ಅಂಕಿ ಹೇಳುವುದು ಆಮ್ಲಜನಕದ ಒತ್ತಡವನ್ನು, ನೀರಿನ ಆಳದಲ್ಲಿ ಅದು 1.0 ದಾಟಬಲ್ಲದು. ಪ್ರತಿ ಬೆಳಿಗ್ಗೆ ದಡದ ಮೇಲೆ, ಶುದ್ಧ ಆಮ್ಲಜನಕದಲ್ಲಿಟ್ಟಾಗ ಸೆನ್ಸರ್ 1.0 ತೋರಿಸಬೇಕು. ತೋರಿಸಿದರೆ ಪಾಸು. ಸಂಘದ ನಿಯಮ ಅಷ್ಟೇ ಕೇಳುತ್ತದೆ.

ಮುಖ್ಯ ಎಂಜಿನಿಯರ್ ನಾಡಿಗೇರ್ ನನ್ನನ್ನು ಕಂಟ್ರೋಲ್ ರೂಮಿಗೆ ಕರೆಸಿದರು. ಕೂರಿ ಎನ್ನಲಿಲ್ಲ. ಪರದೆಯ ಮೇಲೆ ಉಮಾಕಾಂತನ ಕೊನೆಯ ಇಳಿತದ ಗೆರೆ ಇತ್ತು. ಹಸಿರು, ನೇರ.

"ನೋಡಮ್ಮ, 1.24. ಕೊನೆಯವರೆಗೂ 1.24. ನಾವು ಇಟ್ಟ ಗುರಿ 1.3. ಅಷ್ಟಕ್ಕೂ ಮುಟ್ಟಿಲ್ಲ. ಆಮ್ಲಜನಕ ಹೆಚ್ಚಾಯಿತು ಅನ್ನೋ ಮಾತೇ ಇಲ್ಲ."

"ಮತ್ತೆ ಮೈ ಸೆಟೆದದ್ದು?"

"ಫಿಟ್ಸ್." ಅವರು ಕನ್ನಡಕ ತೆಗೆದು ಒರೆಸಿದರು. "ಮೊದಲಿಂದಲೂ ಇದ್ದಿರಬೇಕು. ಮುಚ್ಚಿಟ್ಟಿದ್ದೀರಿ."

"ಅವರಿಗೆ ಫಿಟ್ಸ್ ಇರಲಿಲ್ಲ."

"ಹೆಂಡತಿ ಇನ್ನೇನು ಹೇಳ್ತಾಳೆ?"

ಈ ಗುರಿಯನ್ನು ಏರಿಸಿದ್ದು ನಾಡಿಗೇರ್ ಅವರೇ. ವರ್ಷಗಳಿಂದ ಅದು 1.2 ಇತ್ತು. ಉಸಿರಿನಲ್ಲಿ ಆಮ್ಲಜನಕ ಹೆಚ್ಚಿದ್ದಷ್ಟೂ ಮೇಲೇರುವಾಗ ನಡುವೆ ನಿಂತು ಕಾಯುವ ಹೊತ್ತು ಕಡಿಮೆ, ಉಳಿದ ಹೊತ್ತು ಕೆಲಸಕ್ಕೆ. 1.3ರಲ್ಲಿ ಮೊದಲು ಇಳಿದವನು ಉಮಾಕಾಂತ.

"ಆಮ್ಲಜನಕದ ಸಿಲಿಂಡರಿನಲ್ಲಿ ಎಷ್ಟು ಉಳಿದಿತ್ತು?" ಎಂದು ಕೇಳಿದೆ.

"ಹೆಚ್ಚೇನೂ ಇರಲಿಲ್ಲ. ಎಲ್ಲೋ ಸೋರಿರಬೇಕು."

"ಮೂರೂ ಸೆನ್ಸರ್ 1.24 ಅಂದವಾ?"

"ಎರಡು. ಮೂರನೆಯದಕ್ಕೆ ತಲೆ ಕೆಟ್ಟಿತ್ತು. 2.0 ದಾಟಿ ಹತ್ತಿ ಕೂತಿತ್ತು. ಒಮ್ಮತ ಅದರ ಬಾಯಿ ಮುಚ್ಚಿಸಿತು. ಅದರ ಕೆಲಸ ಅದು ಮಾಡಿತು." ಅವರು ಪರದೆ ಆರಿಸಿದರು. "ಸೋಮವಾರ ಅದೇ ಚೀಲ ಹಾಕಿಕೊಂಡು ನಿಮ್ಮ ಮೈದುನ ಇಳೀತಾನೆ. ತಾನೇ ಬಂದು ಕೇಳಿದ. ಅವನು ಮೇಲೆ ಬಂದರೆ ಮಂಗಳವಾರದಿಂದ ಎಲ್ಲರೂ 1.3. ನಿಮ್ಮ ಮನೇಲಿ ಒಬ್ಬನಿಗಾದರೂ ಧೈರ್ಯ ಇದೆಯಲ್ಲ."

ನಾನು ಹೊರಗೆ ಬಂದೆ. 1.3 ಬೇಕೆಂದು ಯಂತ್ರ ಆಮ್ಲಜನಕ ತುಂಬುತ್ತಲೇ ಇದೆ. ಸಿಲಿಂಡರ್ ಬರಿದಾಗುತ್ತಿದೆ. ಅಂಕಿ ಮಾತ್ರ ಕೂದಲಷ್ಟೂ ಮಿಸುಕುವುದಿಲ್ಲ. ಆ ಗೆರೆ ಅಷ್ಟು ನೇರವಾಗಿರಬಾರದಿತ್ತು.

ಮನೆಗೆ ಬರುವಷ್ಟರಲ್ಲಿ ಫಿಟ್ಸಿನ ಮಾತು ನನಗಿಂತ ಮೊದಲೇ ಮುಟ್ಟಿತ್ತು. ಅತ್ತೆ ಜಗಲಿಯಲ್ಲಿ ಕಾಯುತ್ತಿದ್ದರು.

"ನೀರಿನ ನಲ್ಲಿ ಹತ್ರ ನಾನು ಹೋದ್ರೆ ಹೆಂಗಸ್ರು ಮಾತು ನಿಲ್ಲಿಸ್ತಾರೆ. ಪಕ್ಕದಲ್ಲಿ ಮಲಗ್ತಿದ್ದವಳು ನೀನು. ಹೇಳು. ನನ್ನ ಮಗ ರಾತ್ರಿ ನಡುಗ್ತಿದ್ನಾ?"

"ಇಲ್ಲ."

"ಮತ್ತೆ ಎಂತಕೆ ಸತ್ತ?"

"ಇನ್ನೂ ಗೊತ್ತಿಲ್ಲ."

"ಎಂಎಸ್ಸಿ ಮಾಡಿದ್ದು ಎಂತಕೆ ಹಾಗಾದ್ರೆ?"

ಮೈದುನ ರೋಹಿದಾಸ ಒಳಗಿನಿಂದ ಬಂದ. ಅಣ್ಣನಿಗಿಂತ ಎತ್ತರ, ಅಣ್ಣನಿಗಿಂತ ಮಾತು ಹೆಚ್ಚು. "ಸೋಮವಾರ ಇಳಿದು ತೋರಿಸ್ತೆ ವೈನಿ. ನಾಡಿಗೇರನ ಎದುರಿಗೇ ಮೇಲೆ ಬಂದು, ನಮ್ಮನೆ ರಕ್ತದಲ್ಲಿ ಎಂತದೂ ಇಲ್ಲ ನೋಡು ಅಂತ ಮುಖಕ್ಕೆ ಹೇಳ್ತೆ."

"ಇಳೀಬೇಡ."

"ಯಾಕೆ? ಅಣ್ಣ ಹೋದ ಅಂತ ನಾವೆಲ್ಲ ಸೀರೆ ಉಟ್ಕೊಂಡು ಕೂತ್ಕಬೇಕಾ?"

"ಸೀರೆ ಉಟ್ಟವರು ಬದುಕಿದ್ದಾರೆ" ಎಂದೆ.

ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನು ಅಡುಗೆಮನೆಗೆ ಹೋದೆ.

ಮರುದಿನ ತಪಾಸಣೆ ಕೋಣೆಯಲ್ಲಿ ಉಮಾಕಾಂತನ ಚೀಲ ಬಿಚ್ಚಿದೆ. ತೊಳೆದಿದ್ದರು. ಅವನ ವಾಸನೆ ಯಾವುದೂ ಉಳಿದಿರಲಿಲ್ಲ, ಸೋಪಿನ ವಾಸನೆ ಅಷ್ಟೇ. ಮೂರು ಸೆನ್ಸರ್‌ಗಳು ಹೆಬ್ಬೆರಳಿನ ಗಾತ್ರದ ಕಪ್ಪು ಡಬ್ಬಿಗಳು. ಎರಡರ ಮೇಲೆ ಕುಂಕುಮದ ಬೊಟ್ಟು ಇತ್ತು. ಉಪ್ಪುನೀರಿಗೆ ಮಾಸಿ ಕಂದಾಗಿತ್ತು. ಮೂರನೆಯದರ ಮೇಲೆ ಬೊಟ್ಟಿರಲಿಲ್ಲ.

ಕುಂಕುಮ ಎಲ್ಲಿಯದೆಂದು ನಮ್ಮೂರಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಶ್ರಾವಣದ ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟು ಕೆಲಸ ಶುರುಮಾಡುವುದು ಹಿಂದಿನಿಂದ ಬಂದ ಪದ್ಧತಿ. ದೋಣಿ ಇದ್ದಾಗ ದೋಣಿಗೆ ಪೂಜೆ ಇತ್ತು, ಈಗ ಚೀಲಕ್ಕೆ. ಆ ದಿನ ಹಳೆಯದು ಒಂದೂ ಉಳಿಯಬಾರದೆಂದು ಮೂರೂ ಸೆನ್ಸರ್‌ಗಳನ್ನು ಕಿತ್ತು, ಒಂದೇ ಪೆಟ್ಟಿಗೆಯ ಹೊಸ ಮೂರನ್ನು ಹಾಕಿ, ಕುಂಕುಮ ಇಟ್ಟು, ಆರತಿ ಎತ್ತುತ್ತಾರೆ. ಸಂಘವೂ ಅದಕ್ಕೆ ಸರಿಯಾಗಿ ಹುಣ್ಣಿಮೆಗೇ ಪೆಟ್ಟಿಗೆ ತರಿಸುತ್ತದೆ. ಒಟ್ಟಿಗೆ ಹುಟ್ಟಿದವು ಒಟ್ಟಿಗೇ ಮುದಿಯಾಗುತ್ತವೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

ಈ ಸೆನ್ಸರ್ ಒಂದು ಸಣ್ಣ ಬ್ಯಾಟರಿಯ ಹಾಗೆ. ಆಮ್ಲಜನಕ ತಗುಲಿದಷ್ಟು ವಿದ್ಯುತ್ ಕೊಡುತ್ತದೆ. ಒಳಗಿನ ಸೀಸ ಸವೆಯುತ್ತ ಬಂದಂತೆ ಅದರ ತ್ರಾಣಕ್ಕೆ ಒಂದು ಮಿತಿ ಬರುತ್ತದೆ. ಆ ಮಿತಿಯವರೆಗೆ ಸರಿಯಾಗಿಯೇ ಹೇಳುತ್ತದೆ, ಆಚೆಗೆ ಎಷ್ಟೇ ಆಮ್ಲಜನಕ ಬಂದರೂ ಅದೇ ಅಂಕಿಯಲ್ಲಿ ನಿಂತುಬಿಡುತ್ತದೆ. ದಡದ ಮೇಲೆ ನಾವು ಕೇಳುವುದು 1.0. ಅದನ್ನು ಮುದಿ ಸೆನ್ಸರೂ ಹೇಳುತ್ತದೆ. ಗುರಿ 1.2 ಇದ್ದಾಗಲೂ ಹೇಗೋ ಹೇಳುತ್ತಿತ್ತು. 1.3 ಕೇಳಿದಾಗ ಗೊತ್ತಾಗಬೇಕು. ಹಾಗೆ ಕೇಳಿ ನೋಡಲು ಒತ್ತಡದ ಪಾತ್ರೆ ಬೇಕು. ಸಂಘದಲ್ಲಿ ಅದು ಇಲ್ಲ. ಕೇಳಿದಾಗ, ಒಮ್ಮತ ಇರುವಾಗ ಅದೆಲ್ಲ ಯಾಕೆ ಎಂದಿದ್ದರು.

ಬೊಟ್ಟಿಲ್ಲದ ಸೆನ್ಸರಿನ ಅಡಿಯಲ್ಲಿ ಮೊಳೆಯಿಂದ ಗೀಚಿದ ಹೆಸರಿತ್ತು: ಇಲ್ಯಾಸ್. ಬೇರೆ ಪಾಳಿಯವನು, ಉಮಾಕಾಂತನ ಗೆಳೆಯ. ಅವನಿಗೆ ನಮ್ಮ ಹುಣ್ಣಿಮೆ ಇಲ್ಲ. ನಾಲ್ಕು ತಿಂಗಳಿಗೊಮ್ಮೆ ಒಂದೊಂದನ್ನೇ ತನ್ನ ದುಡ್ಡಲ್ಲಿ ಹೊರಗಿನಿಂದ ತರಿಸಿ ಬದಲಿಸುತ್ತಿದ್ದ. ನಮ್ಮ ಹುಡುಗರು ಅವನನ್ನು "ಬಿಡಿ ಬೀಡಿ ಕೊಳ್ಳೋ ಗಿರಾಕಿ" ಎಂದು ಆಡಿಕೊಳ್ಳುತ್ತಿದ್ದರು. ಉಮಾಕಾಂತನ ಒಂದು ಸೆನ್ಸರಿನ ತಂತಿ ಆ ಕೊನೆಯ ಇಳಿತದ ಹಿಂದಿನ ವಾರ ತುಂಡಾಗಿತ್ತು. ಮುಂದಿನ ಪೆಟ್ಟಿಗೆ ಬರುವುದು ಹುಣ್ಣಿಮೆಗೆ. ಅಲ್ಲಿಯವರೆಗೆಂದು ಇವನಿಂದ ತಂದಿರಬೇಕು.

ಮೂರನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡು, ಅಂಕಿ ತೋರಿಸುವ ಕೋಣೆಯ ಮೀಟರನ್ನೂ ಕೈಚೀಲಕ್ಕೆ ಹಾಕಿಕೊಂಡು, ಮಧ್ಯಾಹ್ನ ಮನೆಗೆ ಬಂದೆ.

ಅನ್ನದ ಕುಕ್ಕರನ್ನು ಸೋಡಾ ಪುಡಿ ಹಾಕಿ ಕುದಿಸಿದೆ. ಉಜ್ಜಿದೆ. ಮತ್ತೆ ಕುದಿಸಿದೆ. ಒಂದು ಹನಿ ಎಣ್ಣೆ ಉಳಿದಿದ್ದರೂ ಆಮ್ಲಜನಕದಲ್ಲಿ ಹೊತ್ತಿಕೊಳ್ಳಬಹುದು. ಹಳೆಯ ರಬ್ಬರನ್ನು ಎಸೆದು, ಅಂಗಡಿಯಿಂದ ಹೊಸದು ತಂದು ಹಾಕಿದೆ. ಸೇಫ್ಟಿ ವಾಲ್ವ್ ಕಳಚಿ, ಅದರ ತೂತಿನಲ್ಲಿ ಸಣ್ಣ ಕೊಳವೆ, ತಂತಿಗಳನ್ನು ತೂರಿಸಿ, ಎಂಸೀಲ್ ಮೆತ್ತಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ತಲೆ ಕೆಟ್ಟಿತಾ ನಿಂಗೆ? ರಾತ್ರಿ ಅನ್ನ ಎಂತದ್ರಲ್ಲಿ ಮಾಡೂದು?"

"ರೋಹಿದಾಸನ್ನ ಕರೀರಿ. ಅವನ ಸಣ್ಣ ಆಮ್ಲಜನಕದ ಸಿಲಿಂಡರ್ ತರಲಿ. ಸೆನ್ಸರ್‌ಗಳನ್ನೂ."

ಯಾಕೆ ಎಂದು ಅವರು ಕೇಳಲಿಲ್ಲ. ಕರೆದರು.

ಹಿತ್ತಲಲ್ಲಿ, ಬಾವಿಕಟ್ಟೆಯ ಹಿಂದೆ ಕುಕ್ಕರ್ ಇಟ್ಟೆ. ಸಿಡಿದರೆ ಕಟ್ಟೆ ಅಡ್ಡ ಇರಲಿ ಎಂದು ಮೂವರೂ ಈಚೆ ಕುಕ್ಕರಗಾಲಲ್ಲಿ ಕೂತೆವು. ರೋಹಿದಾಸ ನಗುತ್ತಿದ್ದ.

"ಎಷ್ಟು ವಿಷಲ್ ವೈನಿ? ಬೇಳೆಯಾದ್ರೆ ಮೂರು ಸಾಕು."

"ಒಂದೂ ಹೊಡೀಬಾರದು. ಮುಚ್ಚಳದ ಮೇಲಿನ ಗುಂಡು ಏಳಬೇಕು ಅಷ್ಟೇ. ಆಗ ಒಳಗಿನ ಒತ್ತಡ ಹೊರಗಿನದರ ಎರಡರಷ್ಟು. ಒಳಗೆಲ್ಲ ಶುದ್ಧ ಆಮ್ಲಜನಕ ಇದ್ದರೆ ಸೆನ್ಸರ್ ಹತ್ತಿರ ಹತ್ತಿರ 2 ಅನ್ನಬೇಕು."

ಮೊದಲು ಗುಂಡು ಹಾಕದೆ, ಒಳಗಿನ ಗಾಳಿಯೆಲ್ಲ ಹೋಗುವವರೆಗೆ ಆಮ್ಲಜನಕ ಬಿಟ್ಟೆ. ಮೂರು ಸೆನ್ಸರ್‌ಗಳೂ 1.0 ಎಂದವು.

"ನೋಡಿ, ಮೂರೂ ಸರಿ ಇದಾವೆ" ಎಂದ ರೋಹಿದಾಸ.

ಗುಂಡು ಹಾಕಿ, ಸಿಲಿಂಡರಿನ ನಲ್ಲಿಯನ್ನು ನಿಧಾನವಾಗಿ ತಿರುಗಿಸಿದೆ. ಮೂರೂ ಏರಿದವು. 1.1. 1.2. ಅಲ್ಲಿಗೆ ಕುಂಕುಮದವೆರಡು ನಿಂತವು. ಒಂದು 1.24, ಇನ್ನೊಂದು 1.25. ಇಲ್ಯಾಸನದು ಏರುತ್ತಲೇ ಹೋಯಿತು. 1.5. 1.7. ಗುಂಡು ಬುಸ್ ಎಂದು ಎದ್ದಾಗ ಅದು 1.97ರಲ್ಲಿತ್ತು.

ರೋಹಿದಾಸನ ನಗು ಎಲ್ಲಿ ನಿಂತಿತೆಂದು ನಾನು ನೋಡಲಿಲ್ಲ.

"ಕೆಳಗೆ ಇವೆರಡೂ ಕೈ ಕೈ ಹಿಡಿದು 1.24 ಅಂದವು" ಎಂದೆ. "ಇನ್ನೂ ಸಾಲದು ಅಂತ ಯಂತ್ರ ತುಂಬಿತು. ಮತ್ತೆ ತುಂಬಿತು. ಇದೊಂದು ಬೇಡ ಅಂತ ಕೂಗ್ತಿತ್ತು. ಒಮ್ಮತ ಕೇಳಲಿಲ್ಲ. ನಿನ್ನ ಅಣ್ಣನ ಕಣ್ಣೆದುರಿಗೆ ಹಸಿರು ಅಂಕಿ ಇತ್ತು."

ಅವನು ತನ್ನ ಮೂರು ಸೆನ್ಸರ್‌ಗಳನ್ನು ಜೇಬಿನಿಂದ ತೆಗೆದುಕೊಟ್ಟ. ಮೂರರ ಮೇಲೂ ಕುಂಕುಮ. ಒಳಗಿಟ್ಟು ಮತ್ತೆ ನಲ್ಲಿ ತಿರುಗಿಸಿದೆ. ಮೂರೂ 1.26ರಲ್ಲಿ ನಿಂತವು. ಗುಂಡು ಎದ್ದಾಗಲೂ 1.26. ಭಿನ್ನಾಭಿಪ್ರಾಯವೇ ಇರಲಿಲ್ಲ.

"ಹೊಸದು ಹಾಕ್ಕೊಂಡು ಇಳೀತೆ."

"ಹೊಸದು ಹುಣ್ಣಿಮೆಗೆ ಬರ್ತದೆ. ಇದು ಬೇಸಿಗೆ."

"ಇಳಿಯದಿದ್ರೆ ಫಿಟ್ಸ್ ಅಂತಾರೆ. ಇನ್ನು ಯಾವತ್ತೂ ನೀರಿಗೆ ಬಿಡೂದಿಲ್ಲ. 1.3 ಆದ್ರೂ ಆಗ್ಲಿ. ಸ್ವಲ್ಪ ಹೊತ್ತಿಗೆ ಎಂತ ಆಗ್ತದೆ?"

ಅತ್ತೆ ಅವನ ಕೆನ್ನೆಗೆ ಬಾರಿಸಿದರು. ಮದುವೆಯಾಗಿ ಬಂದ ಮೇಲೆ ಅವರು ಯಾರ ಮೇಲಾದರೂ ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಅವನು "ಸೋಮವಾರ ಇಳಿಯೂದೇ" ಎಂದು ಎದ್ದು ಹೋದ.

ಸೋಮವಾರ ಜೆಟ್ಟಿಯ ಮೇಲೆ ಊರು ನೆರೆದಿತ್ತು. ನಾನು ಕುಕ್ಕರ್ ಕೈಯಲ್ಲಿ ಹಿಡಿದು ನಾಡಿಗೇರ್ ಎದುರು ನಿಂತೆ. ಕಂಡದ್ದನ್ನು ಹೇಳಿದೆ. ಅವರು ಕುಕ್ಕರನ್ನೂ ನನ್ನನ್ನೂ ಒಂದೇ ತರಹ ನೋಡಿದರು.

"ಮಂದಾಕಿನಿ, ನಿಮಗೆ ದುಃಖ ಇದೆ, ಒಪ್ಪುತ್ತೇನೆ. ಆದರೆ ಸಂಘದ ಸಾಮಾನು ಕದ್ದು, ಅಡುಗೆಮನೆಯಲ್ಲಿ ಪ್ರಯೋಗ ಮಾಡಿ, ಒಮ್ಮತಕ್ಕೆ ಬುದ್ಧಿ ಹೇಳೋಕೆ ಬಂದಿದ್ದೀರಿ. ನಾಳೆಯಿಂದ ನೀವು ಬರುವುದು ಬೇಡ."

"ಇಲ್ಲೇ ಮಾಡಿ ತೋರಿಸ್ತೇನೆ."

"ಬೇಡ." ಅವರು ತಿರುಗಿದರು. "ಏನಪ್ಪಾ ರೋಹಿದಾಸ, ತಯಾರಾ? ಅಥವಾ ಮನೆಯವರು ಹೇಳಿದ ಹಾಗೆ ಕೇಳ್ತೀಯಾ?"

ಹಿಂದಿನಿಂದ ಯಾರೋ ನಕ್ಕರು. ರೋಹಿದಾಸ ಆಗಲೇ ಅಣ್ಣನ ಚೀಲಕ್ಕೆ ತನ್ನ ಮೂರು ಸೆನ್ಸರ್ ಹಾಕಿ ಬೆನ್ನಿಗೇರಿಸಿದ್ದ. ಪಟ್ಟಿಯ ಕೊಂಡಿ ಎರಡು ಸಲ ತಪ್ಪಿತು. ಆದರೂ ಬಿಗಿದ. ನನ್ನ ಕಡೆ ನೋಡಲಿಲ್ಲ.

ಆಗ ಅತ್ತೆ ಜನರನ್ನು ಸರಿಸಿಕೊಂಡು ಮುಂದೆ ಬಂದರು. ತಲೆಗೆ ಸೆರಗು ಹೊದ್ದಿರಲಿಲ್ಲ.

"ಎಂಜಿನಿಯರ್ರೆ, ಅವ ಇಳಿಯೂದಿಲ್ಲ."

"ಅಮ್ಮಾ, ನೀ ಸುಮ್ನಿರು!"

"ಅವ್ನಿಗೆ ಫಿಟ್ಸ್ ಉಂಟು."

ನಾಡಿಗೇರ್ ತಿರುಗಿ ಅವರನ್ನು ನೋಡಿದರು.

"ದೊಡ್ಡವನಿಗೂ ಇತ್ತು. ಇವನಿಗೂ ಉಂಟು. ನನ್ನಪ್ಪನಿಗೂ ಇತ್ತು. ನಮ್ಮನೆ ರಕ್ತದಲ್ಲೇ ಉಂಟು. ನಾನೇ ಮುಚ್ಚಿಟ್ಟೆ." ಅವರು ಸುತ್ತ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೇಳಿದರು. ನಲ್ಲಿಯ ಹತ್ತಿರ ಮಾತು ನಿಲ್ಲಿಸಿದ ಹೆಂಗಸರು ಅಲ್ಲೇ ಇದ್ದರು. "ಕೇಳ್ತಲ್ಲ ಎಲ್ಲರಿಗೂ? ಫಿಟ್ಸ್ ಇದ್ದವ್ರನ್ನ ಇಳಿಸೂಕೆ ಸಂಘದ ಕಾನೂನಿಲ್ಲ. ಬಿಚ್ಚು ಚೀಲ."

ಒಂದು ಅಕ್ಷರವೂ ನಿಜವಲ್ಲ. ಅವರ ಅಪ್ಪ ತೊಂಬತ್ತು ದಾಟಿ, ಊಟ ಮಾಡಿ ಮಲಗಿದಲ್ಲೇ ಹೋದವರು. ರೋಹಿದಾಸ ತಾಯಿಯನ್ನು ಕೊಲ್ಲುವ ಹಾಗೆ ನೋಡಿದ. ಆಮೇಲೆ ಪಟ್ಟಿ ಬಿಚ್ಚಿದ. ಚೀಲವನ್ನು ನೆಲಕ್ಕೆ ಬೀಳಿಸಿ, ಜನ ಬಿಟ್ಟುಕೊಟ್ಟ ದಾರಿಯಲ್ಲಿ ನಡೆದು ಹೋದ. ಎಲ್ಲರೂ ಅವನ ಮೈ ಸೋಕದ ಹಾಗೆ ಸರಿದು ನಿಂತರು.

"ಬೇರೆ ಯಾರು ಇಳೀತೀರಿ?" ನಾಡಿಗೇರ್ ಕೇಳಿದರು.

ಪಾಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಪಿನಾಥ ಎಂಬ ದಪ್ಪ ಮೀಸೆಯವನು ತನ್ನ ಚೀಲದ ಮುಚ್ಚಳ ತೆಗೆದು, ಮೂರು ಸೆನ್ಸರ್‌ಗಳನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡ. "ಅಲ್ಲ ಸಾಹೇಬ್ರೆ, ಇಳಿಯೂಕೆ ನಂದೇನು ಅಡ್ಡಿಲ್ಲ. ಇವನ್ನೊಂದ್ಸಲ ಆ ಕುಕ್ಕರಿಗೆ ಹಾಕಿ ನೋಡುವಾ. ಬೆಂದಿದಾವೋ ಇಲ್ವೋ ಗೊತ್ತಾಗ್ಲಿ."

ಈ ಸಲ ನಕ್ಕವರು ನನ್ನನ್ನು ನೋಡಿ ನಗಲಿಲ್ಲ. ನಾಡಿಗೇರ್ ಜೀಪು ಹತ್ತಿದರು.

ಗುರಿ 1.2ಕ್ಕೆ ಇಳಿಯಿತು. ಯಾಕೆಂದು ಸಂಘ ಹೇಳಲಿಲ್ಲ. ವರದಿಯಲ್ಲಿ ಫಿಟ್ಸ್ ಎಂದೇ ಉಳಿಯಿತು, ಈಗ ತಾಯಿಯೇ ಒಪ್ಪಿಕೊಂಡಿದ್ದಾಳೆ ಎಂಬ ಸಾಲು ಸೇರಿತು. ರೋಹಿದಾಸ ಐಸ್ ಫ್ಯಾಕ್ಟರಿಯಲ್ಲಿ ಪೆಟ್ಟಿಗೆ ಹೊರುತ್ತಾನೆ. ತಾಯಿಯ ಜೊತೆ ಮಾತಿಲ್ಲ, ಅವರು ಬಡಿಸಿದ್ದನ್ನು ಉಣ್ಣುತ್ತಾನೆ. ನನಗೆ ಕೆಲಸವಿಲ್ಲ. ಹಿತ್ತಲಿಗೆ ಮಾತ್ರ ಜನ ಬರುತ್ತಾರೆ, ಮುಂಬಾಗಿಲಿಂದಲ್ಲ, ಬೇಲಿ ಸಂದಿಯಿಂದ. ಸೆನ್ಸರ್ ಕೊಟ್ಟು, ಅಂಕಿ ಕೇಳಿಕೊಂಡು, ನೀರು ಕುಡಿಯಿರಿ ಎಂದರೂ ಕುಡಿಯದೆ ಹೋಗುತ್ತಾರೆ. ಫಿಟ್ಸಿನ ಮನೆಯ ನೀರು. ಅತ್ತೆ ಅನ್ನವನ್ನು ಈಗ ಪಾತ್ರೆಯಲ್ಲಿ ಬೇಯಿಸುತ್ತಾರೆ.

ಇಲ್ಯಾಸ್ ಮಾತ್ರ ಬರಲಿಲ್ಲ. ತಲೆಕೆಟ್ಟ ಸೆನ್ಸರ್ ಅವನದೆಂದು ಊರಿಗೆ ಗೊತ್ತಾಗಿತ್ತು. ಅದೇ ಯಂತ್ರದ ದಿಕ್ಕು ತಪ್ಪಿಸಿತು ಎಂದು ಸಂಘದವರೇ ಹಬ್ಬಿಸಿದ್ದರು. ಅವನ ಮನೆ ಬಾಗಿಲಿಗೆ ಯಾರೋ ಮೀನಿನ ಹೊಲಸು ಎರಚಿದ್ದರಂತೆ.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಹೋದೆ. ಬಾಗಿಲು ತೆರೆದವನು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ಭಾಬಿ, ಅಲ್ಲಾನಾಣೆ, ಅದು ಸರಿ ಇತ್ತು. ನಾನು ನೋಡಿಯೇ ಕೊಟ್ಟಿದ್ದೆ."

"ಸರಿಯಾಗೇ ಇದೆ. ಅದೊಂದೇ ಸರಿ ಇದ್ದದ್ದು."

ಕುಕ್ಕರಿನಲ್ಲಿ ಕಂಡದ್ದನ್ನು ಹೇಳಿದೆ. ಅವನು ಹೊಸ್ತಿಲ ಮೇಲೆ ಕೂತು ಕೇಳಿದ. ಬುದ್ಧಿವಂತ. ನಾನು ಹೇಳದೆ ಬಿಟ್ಟದ್ದನ್ನು ಅವನೇ ತಲುಪಿದ.

"ಹಾಗಾದ್ರೆ ಎರಡು ಕೊಟ್ಟಿದ್ರೆ..."

"ಹೌದು."

"ಎರಡು ಸರಿ ಇದ್ದಿದ್ರೆ ಒಮ್ಮತ ಅವನ್ನೇ ನಂಬ್ತಿತ್ತು."

"ಹೌದು."

"ನನ್ನ ಹತ್ರ ಇನ್ನೊಂದಿತ್ತು ಭಾಬಿ. ಆ ದಿನವೇ ಇತ್ತು. ಅವ ಒಂದೇ ಸಾಕು ಅಂದ."

"ಅವರಿಗೆ ಗೊತ್ತಿದ್ದಂತೆ ಕೆಟ್ಟದ್ದು ಒಂದೇ" ಎಂದೆ. "ಅದಕ್ಕೇ ಒಂದು ಕೇಳಿದರು."

ಕರವಸ್ತ್ರ ಬಿಚ್ಚಿ ಸೆನ್ಸರನ್ನು ಅವನತ್ತ ಚಾಚಿದೆ. ಅವನು ಕೈ ಮುಂದೆ ಮಾಡಲಿಲ್ಲ. ನಾನೂ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಅವನು ಎದ್ದು, ಕೈಯನ್ನು ಲುಂಗಿಗೆ ಒರೆಸಿಕೊಂಡು ತೆಗೆದುಕೊಂಡ.